ಎಂಟು ಒತ್ತಿದರೆ ಒಂದು

ಮಸ್ಕಿಗೆ ಹೋಗಿ ಅಶೋಕನ ಶಾಸನದ ಬಂಡೆ ನೋಡಿಕೊಂಡು ಸಿಂಧನೂರಿಗೆ ಬಂದಿದ್ದೆ. ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ ಹೇಳಿ ಕೂತಿದ್ದಾಗ ಹುಡುಗನೊಬ್ಬ ಎದುರಿಗೇ ಬೈಕ್ ತಂದು ನಿಲ್ಲಿಸಿದ. ಪೆಟ್ರೋಲ್ ಟ್ಯಾಂಕಿನ ಮೇಲೆ ಅಡ್ಡಡ್ಡಲಾಗಿ, ಕೂಸನ್ನು ಮಲಗಿಸಿದ ಹಾಗೆ, ಗೋಣಿಚೀಲದಲ್ಲಿ ಸುತ್ತಿದ ಏನೋ ಒಂದು ಉದ್ದನೆಯ ವಸ್ತು. ಒಂದು ತುದಿಯಲ್ಲಿ ಗೋಣಿ ಸರಿದಿತ್ತು. ಅಲ್ಲಿ ಕಂಡ ಮೊಟ್ಟೆಯಾಕಾರದ ಉಬ್ಬು, ಎಣ್ಣೆ ಸವರಿದ ಹೊಳಪು ನೋಡಿ ತಟ್ಟೆ ಬಿಟ್ಟು ಎದ್ದೆ. ಅದು ಕ್ಯಾಮ್ ಶಾಫ್ಟ್.

"ಯಾವ ಗಾಡೀದಪಾ?" ಎಂದೆ.

"ಅಂಬಾಸಿಡರ್ದು ಸರ್. ಗಂಗಾವತಿ ಗುಜರಿಯಿಂದ ತಂದೀನಿ. ಸಾಲಗುಂದದಾಗ ಉಸ್ತಾದ್ರು ಕಾಯಾಕತ್ತಾರ."

ಹಿಂದಿನ ಸೀಟಿನಲ್ಲಿ ಜಾಗವಿತ್ತು. ಕೇಳಿದೆ, ಹತ್ತಿಸಿಕೊಂಡ. ಆ ದಿನದ ಉಳಿದ ಹೊತ್ತೆಲ್ಲ ಸಾಲಗುಂದದ ಒಂದು ತಗಡಿನ ಶೆಡ್ಡಿನಲ್ಲಿ ಕಳೆಯಿತು. ಬರೆಯಬೇಕೆಂದು ಹೊರಟಿದ್ದು ಶಾಸನದ ಬಗ್ಗೆ. ಆದರೆ ವಾರ ಕಳೆದರೂ ತಲೆಯಲ್ಲಿ ತಿರುಗುತ್ತಿರುವುದು ಆ ಎಂಟು ಉಬ್ಬುಗಳ ಕಬ್ಬಿಣ.

ಸಾಲಗುಂದದ ಕಡೆಗಿನ ದಾರಿ ಗೊತ್ತಿರುವವರಿಗೆ ವಿವರಣೆ ಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಎರೆಮಣ್ಣು, ಟ್ರ್ಯಾಕ್ಟರು. ಇಲ್ಲಿಯ ಗ್ಯಾರೇಜುಗಳಿಗೆ ಅನ್ನ ಹಾಕುವುದು ಟ್ರ್ಯಾಕ್ಟರು ಮತ್ತು ಟ್ರೇಲರು. ಕಾರು ಬಂದರೆ ಅದು ಮಳೆಗಾಲದ ಬಿಸಿಲಿನ ಹಾಗೆ ಅಪರೂಪ. ಆದರೆ ಈ ಉಸ್ತಾದರ ಶೆಡ್ಡಿನ ಮುಂದೆ ಬೇವಿನ ಮರದ ಕೆಳಗೆ ನಿಂತಿದ್ದದ್ದು 1974ರ ಮಾರ್ಕ್ 2 ಅಂಬಾಸಿಡರ್. ಮುಂದಿನ ಜಾಲರಿ ಇರಲಿಲ್ಲ, ರೇಡಿಯೇಟರ್ ಇರಲಿಲ್ಲ. ಬಾನೆಟ್ ತೆರೆದ ಕಾರಿನ ಮುಂದೆ ಮಂಚದ ಮೇಲೆ ಅದರ ಮಾಲೀಕರು ಕೂತಿದ್ದರು. ಹತ್ತಿರದ ಕ್ಯಾಂಪೊಂದರ ಭತ್ತದ ರೈತರು. ಉಸ್ತಾದರು ಅವರನ್ನು "ಸಾವ್ಕಾರ್ರ" ಎಂದೇ ಕರೆಯುತ್ತಿದ್ದರು. ಅವರ ತಂದೆ ಕೊಂಡ ಕಾರು ಇದು.

ಕಾರಿನ ರೋಗ ಹಳೆಯದು. ತಿಂಗಳಿಗೊಮ್ಮೆ ಟ್ಯಾಪೆಟ್ ಸೆಟ್ ಮಾಡಿದರೂ ಹದಿನೈದು ದಿನಕ್ಕೆ ಮತ್ತೆ ಕಟಕಟ ಸದ್ದು. ಕಾಲುವೆ ದಂಡೆ ಏರುವಾಗ ಒಂದು ಸಿಲಿಂಡರ್ ಕೈಕೊಡುತ್ತಿತ್ತು. ಕಾರ್ಬುರೇಟರ್ ಬಿಚ್ಚಿದರು, ಪ್ಲಗ್ ಬದಲಿಸಿದರು, ಕಾಯಿಲ್ ಬದಲಿಸಿದರು. ಕೊನೆಗೆ ಉಸ್ತಾದರು ರಾಕರ್ ಕವರ್ ತೆಗೆದು, ಕೈಯಿಂದ ಇಂಜಿನ್ ತಿರುಗಿಸುತ್ತ ಎಂಟೂ ವಾಲ್ವ್‌ಗಳು ಎಷ್ಟೆಷ್ಟು ಕೆಳಗಿಳಿಯುತ್ತವೆ ಎಂದು ನೋಡಿದರು. ಮೂರನೆಯದು ಉಳಿದವುಗಳಷ್ಟು ಇಳಿಯುತ್ತಿರಲಿಲ್ಲ. ಒಳಗೆ ಕ್ಯಾಮಿನ ಮೂರನೇ ಉಬ್ಬು ಸವೆದುಹೋಗಿತ್ತು. ಎರಡನೇ ಸಿಲಿಂಡರಿಗೆ ಗಾಳಿ-ಪೆಟ್ರೋಲು ಬಿಡುವ ವಾಲ್ವ್ ಅದು. ಅರ್ಧ ಬಾಗಿಲು ತೆರೆದರೆ ಸಿಲಿಂಡರಿಗೆ ಅರ್ಧ ಹೊಟ್ಟೆ.

"ಎಲ್ಲಾರೂ ಮ್ಯಾಲ ಹುಡುಕಿದ್ರು ಸರ್. ರೋಗ ಹೊಟ್ಟಿಯಾಗ ಇತ್ತು" ಎಂದರು ಉಸ್ತಾದರು.

ಹೊಟ್ಟೆ ಎಂದದ್ದು ಅಕ್ಷರಶಃ ಸರಿ. ಈ ಇಂಜಿನ್ನಿನಲ್ಲಿ ಕ್ಯಾಮ್ ಇರುವುದು ಬ್ಲಾಕಿನ ಒಳಗೆ, ಕೆಳಗೆ. ಅದರ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್ ರಾಡನ್ನು, ಪುಶ್ ರಾಡ್ ರಾಕರನ್ನು, ರಾಕರ್ ತೊಟ್ಟಿಲಿನಂತೆ ತೂಗಿ ಆಚೆ ಬದಿಯ ವಾಲ್ವ್ ಒತ್ತುತ್ತದೆ. ಕೊನೆಯ ವರ್ಷಗಳ ಇಸುಜು 1817 ಸಿಸಿ ಇಂಜಿನ್ನಿನ ಅಂಬಾಸಿಡರಿನಲ್ಲಿ ಕ್ಯಾಮ್ ಹೆಡ್ಡಿನ ಮೇಲೇ ಕೂತಿದೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಒಂದು ಸ್ಪ್ರಿಂಗ್ ಕೂಡ ಹೋಗುವುದಿಲ್ಲ. ಹೊರಗೆ ಒಂದೇ ಕಾರು, ಒಳಗೆ ಬೇರೆ ಕುಲ. ಪದ್ಮಿನಿ ಕಾರಿನ 1089 ಸಿಸಿ ಇಂಜಿನ್ ಪುಶ್ ರಾಡಿನದೇ ಆದರೂ ಅದು ಫಿಯಟ್ ಮನೆತನದ್ದು, ಅದಕ್ಕೂ ಇದಕ್ಕೂ ಕೊಡುಕೊಳ್ಳುವ ಸಂಬಂಧವಿಲ್ಲ.

ಈ 1489 ಸಿಸಿ ಇಂಜಿನ್ನಿನ ಮನೆತನ ಮಾತ್ರ ಬಹಳ ದೊಡ್ಡದು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಇದು. ಮೂಲ ಹುಡುಕಿದರೆ 1947ರ ಆಸ್ಟಿನ್ ಎ40 ಕಾರಿನ 1200 ಸಿಸಿ ಇಂಜಿನ್ನಿಗೆ ಹೋಗಿ ಮುಟ್ಟುತ್ತದೆ. ಮೊದಮೊದಲ ಅಂಬಾಸಿಡರುಗಳಲ್ಲಿ ಇದ್ದದ್ದು 1476 ಸಿಸಿಯ ಸೈಡ್ ವಾಲ್ವ್ ಇಂಜಿನ್. 1959ರಲ್ಲಿ ಬಿ-ಸೀರೀಸ್ ಬಂತು, 55 ಅಶ್ವಶಕ್ತಿಯೊಂದಿಗೆ. ಬೋರ್ 73 ಮಿ.ಮೀ., ಸ್ಟ್ರೋಕ್ 88.9. ಇದೇ 1489 ಸಿಸಿ, ಇದೇ ಬೋರು, ಇದೇ ಸ್ಟ್ರೋಕು ಇಂಗ್ಲೆಂಡಿನಲ್ಲಿ 1955ರ ಎಂಜಿಎ ಎಂಬ ಇಬ್ಬರು ಕೂರುವ ಸ್ಪೋರ್ಟ್ಸ್ ಕಾರಿನಲ್ಲಿ 72 ಅಶ್ವಶಕ್ತಿ ಕೊಟ್ಟಿತು. ಅದರ ತಮ್ಮ, 1962ರ ಎಂಜಿಬಿಯಲ್ಲಿ ಸ್ಟ್ರೋಕ್ ಹಾಗೇ ಇಟ್ಟು ಬೋರ್ ಹಿಗ್ಗಿಸಿ 1798 ಸಿಸಿ ಮಾಡಿದರು. ಎಂಜಿಬಿ 1980ರಲ್ಲಿ ನಿಂತಿತು. ಅದೇ ವರ್ಷ ಅಂಬಾಸಿಡರಿಗೆ ಅದೇ ಬಿ-ಸೀರೀಸ್ ಕುಲದ ಡೀಸೆಲ್ ಇಂಜಿನ್ ಬಂತು. ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಬಾಗಿಲು ಹಾಕಿತು. ಇತಿಹಾಸ ಇಷ್ಟು ಸಾಕು.

ಹುಡುಗ ಗೋಣಿ ಬಿಚ್ಚಿದ. ಹಳೆಯ ಕ್ಯಾಮ್, ಗುಜರಿಯ ಕ್ಯಾಮ್ ಎರಡನ್ನೂ ಅಕ್ಕಪಕ್ಕ ಇಟ್ಟರು. ಗುಜರಿಯದರ ಮೇಲೆ ಓದುವಂಥ ನಂಬರು ಉಳಿದಿರಲಿಲ್ಲ. ನನಗೆ ಬೆಳಿಗ್ಗೆ ನೋಡಿದ ಮಸ್ಕಿಯ ಬಂಡೆ ನೆನಪಾಯಿತು. ಅಲ್ಲಿಯವರೆಗೆ ದೇಶದ ತುಂಬ ಸಿಕ್ಕಿದ ಶಾಸನಗಳಲ್ಲಿ ದೊರೆ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಬರಹ ಕಂಡ ಮೇಲೆಯೇ ಆ ದೇವಾನಾಂಪ್ರಿಯ ಅಶೋಕನೇ ಎಂದು ಖಚಿತವಾದದ್ದು. ಒಂದು ಹೆಸರು ಸಿಕ್ಕರೆ ಎಷ್ಟೆಲ್ಲ ಗಂಟು ಬಿಡುತ್ತದೆ! ಇಲ್ಲಿ ಹೆಸರಿಲ್ಲ. ಉಸ್ತಾದರು ವರ್ನಿಯರ್ ತೆಗೆದು ಅಳತೆಯಿಂದಲೇ ಕುಲ ಹಿಡಿದರು. ಬೇರಿಂಗಿನಲ್ಲಿ ಕೂರುವ ಮೂರು ಜರ್ನಲ್, ಅವುಗಳ ದಪ್ಪ, ಮುಂದಿನ ಸ್ಪ್ರಾಕೆಟ್ಟಿನ ಕೀಲಿ, ಡಿಸ್ಟ್ರಿಬ್ಯೂಟರ್ ತಿರುಗಿಸುವ ಓರೆ ಹಲ್ಲು, ಆಯಿಲ್ ಪಂಪ್ ತಿರುಗಿಸುವ ಓರೆ ಹಲ್ಲು. ಆಮೇಲೆ ಎಂಟೂ ಉಬ್ಬುಗಳ ಎತ್ತರ, ಒಂದೊಂದಾಗಿ, ಹುಡುಗ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ. ಹಳೆಯದರ ಸಾಲಿನಲ್ಲಿ ಮೂರನೆಯ ಅಂಕಿ ಮಾತ್ರ ಬಿದ್ದುಹೋಗಿತ್ತು.

ಹುಡುಗನ ಕೈಚೀಲದಿಂದ ಇನ್ನೊಂದು ವಸ್ತು ಹೊರಬಂತು. ಮೊಟ್ಟೆಯ ಟ್ರೇಯ ಒಂದು ತುಂಡು. ಎಂಟು ಗುಳಿ, ಎಂಟು ಟ್ಯಾಪೆಟ್. ಪ್ರತಿ ಗುಳಿಯ ಪಕ್ಕ ಪೆನ್ನಿನಲ್ಲಿ ಬರೆದ ನಂಬರು. ಗಂಗಾವತಿಯಲ್ಲಿ ಇಂಜಿನ್ ಬಿಚ್ಚುವಾಗ ಇವನೇ ಎದುರು ನಿಂತು, ಯಾವ ಟ್ಯಾಪೆಟ್ ಯಾವ ಉಬ್ಬಿನ ಮೇಲಿತ್ತು ಎಂದು ಬರೆಸಿಕೊಂಡು ತಂದಿದ್ದ.

"ಬರೇ ಕ್ಯಾಮ್ ತಂದ್ರ ಬರಂಗಿಲ್ಲರಿ. ಟ್ಯಾಪೆಟ್ಟು ಅದರ ಜೋಡಿ ಬಾಳೇ ಮಾಡಿರ್ತಾವು. ಇದನ್ನ ಅದಕ್ಕ, ಅದನ್ನ ಇದಕ್ಕ ಕೂಡಿಸಿದ್ರ ಎರಡೂ ಹಾಳು."

ಹಳೆಯ ಇಂಜಿನ್ನುಗಳ ಬಿಡಿಭಾಗ ಅದಲು ಬದಲು ಮಾಡುವವರು ಎಲ್ಲಿ ತಪ್ಪುತ್ತಾರೆ ಎಂದು ಕೇಳಿದರೆ ನಾನು ಇದೊಂದನ್ನೇ ತೋರಿಸುತ್ತೇನೆ. ಟ್ಯಾಪೆಟ್ಟಿನ ತಳ ಕಣ್ಣಿಗೆ ಚಪ್ಪಟೆ. ನಿಜಕ್ಕೂ ಅದು ಕೂದಲೆಳೆಯಷ್ಟು ಉಬ್ಬಿರುತ್ತದೆ, ಕ್ಯಾಮಿನ ಉಬ್ಬು ಕೂದಲೆಳೆಯಷ್ಟು ಓರೆ ಇರುತ್ತದೆ. ಹಾಗಾಗಿ ಪ್ರತಿ ಏಟಿಗೂ ಟ್ಯಾಪೆಟ್ ತನ್ನ ಸುತ್ತ ತಾನೇ ಇಷ್ಟಿಷ್ಟು ತಿರುಗುತ್ತದೆ. ತಿರುಗಿದರೆ ಸವೆತ ಸಮನಾಗಿ ಹರಡುತ್ತದೆ. ತಿರುಗದೆ ನಿಂತರೆ ಒಂದೇ ಗೆರೆಯಲ್ಲಿ ಉಜ್ಜಿ, ಮೇಲಿನ ಗಟ್ಟಿ ಪದರ ಹೋಗಿ, ಕ್ಯಾಮಿನ ಉಬ್ಬನ್ನೇ ತಿಂದುಹಾಕುತ್ತದೆ. ಸಾವ್ಕಾರರ ಕಾರಿನ ಮೂರನೇ ಟ್ಯಾಪೆಟ್ ತಿರುಗಿಸಿ ನೋಡಿದೆ. ತಳದಲ್ಲಿ ಅಡ್ಡಗೆರೆ, ಚಾಕುವಿನಿಂದ ಗೀರಿದ ಹಾಗೆ. ಉಳಿದವುಗಳಲ್ಲಿ ಗ್ರಾಮಫೋನ್ ತಟ್ಟೆಯಂಥ ದುಂಡನೆಯ ಗುರುತು. ಎಷ್ಟೋ ವರ್ಷಗಳಿಂದ ಆ ಒಂದು ಟ್ಯಾಪೆಟ್ ತಿರುಗುವುದನ್ನು ನಿಲ್ಲಿಸಿತ್ತು.

ಗುಜರಿಯಿಂದ ತಂದವುಗಳಲ್ಲಿ ಏಳನೆಯದರ ತಳದಲ್ಲಿ ಸಿಡುಬಿನಂಥ ಗುಳಿಗಳಿದ್ದವು. ಅದನ್ನು ಉಸ್ತಾದರು ಪಕ್ಕಕ್ಕೆ ಎಸೆದು, ಡಬ್ಬಿಯಿಂದ ಹೊಸ ಟ್ಯಾಪೆಟ್ ತೆಗೆದರು. ಹಳೆಯ ಕ್ಯಾಮಿನ ಉಬ್ಬು ನುಣುಪಾಗಿದ್ದರೆ ಅದರ ಮೇಲೆ ಹೊಸ ಟ್ಯಾಪೆಟ್ ಕೂರಬಹುದು, ಹೊಂದಿಕೊಳ್ಳುತ್ತದೆ. ಹೊಸ ಕ್ಯಾಮಿನ ಮೇಲೆ ಹಳೆಯ ಟ್ಯಾಪೆಟ್ ಎಂದಿಗೂ ಕೂರಬಾರದು. ಈ ನಿಯಮವನ್ನು ದೊಡ್ಡ ದೊಡ್ಡ ವರ್ಕ್‌ಶಾಪುಗಳಲ್ಲಿ ಮುರಿದದ್ದನ್ನು ನೋಡಿದ್ದೇನೆ. ಸಾಲಗುಂದದ ಶೆಡ್ಡಿನಲ್ಲಿ ಅದು ಕಟ್ಟುನಿಟ್ಟು.

ಸಾವ್ಕಾರರ ಮಗ ಇಂಗ್ಲೆಂಡಿನಲ್ಲಿದ್ದಾನೆ. ಕಾರಿನ ಸಂಗತಿ ಕೇಳಿ, ಅಲ್ಲಿಂದ ಎಂಜಿಬಿಯ ಹೊಸ ಕ್ಯಾಮ್ ಕಳಿಸುತ್ತೇನೆ, ಇದಕ್ಕೇ ಕೂರುತ್ತದಂತೆ ಎಂದಿದ್ದ. ಅಲ್ಲಿ ಆ ಕಾರನ್ನು ಸಾಕಿಕೊಂಡಿರುವವರು ಎಷ್ಟೋ ಜನ. ಕ್ಯಾಮ್ ಇಂದಿಗೂ ಹೊಸದಾಗಿ ತಯಾರಾಗುತ್ತದೆ. ಉಸ್ತಾದರು ಬೇಡವೆಂದರು. ಸಾವ್ಕಾರರಿಗೆ ಅದರಿಂದ ಸ್ವಲ್ಪ ಬೇಸರವೇ ಆಗಿತ್ತು. ನನ್ನ ಕಡೆ ತಿರುಗಿ, "ನೀವಾರ ಹೇಳ್ರಿ ಸರ್, ಹೊಸದು ಚಲೋನೋ ಗುಜರೀದು ಚಲೋನೋ?" ಎಂದರು.

ನನಗೂ ಹದಿನೈದು ನಿಮಿಷ ಆಸೆ ಹುಟ್ಟಿದ್ದು ನಿಜ. 55 ಅಶ್ವಶಕ್ತಿಯ ಜಾಗದಲ್ಲಿ 72 ಎಂದರೆ ಯಾರಿಗೆ ಬೇಡ? ಮದರಾಸಿನ ಶೋಲಾವರಂ ರೇಸುಗಳ ಹಳೆಯ ಫೋಟೊ ನೋಡಿ ಬೆಳೆದವನು ನಾನು. ಆದರೆ ಲೆಕ್ಕ ಹಾಕಿದಾಗ ಉಸ್ತಾದರೇ ಸರಿ. ಎಂಜಿಬಿಯ ಕ್ಯಾಮಿನಲ್ಲಿ ಒಳಬರುವ ವಾಲ್ವ್ ಪಿಸ್ಟನ್ ತುದಿ ಮುಟ್ಟುವ 16 ಡಿಗ್ರಿ ಮೊದಲೇ ತೆರೆಯುತ್ತದೆ, ಪಿಸ್ಟನ್ ತಳ ಮುಟ್ಟಿ ಮೇಲೇಳಲು ಶುರುಮಾಡಿ 56 ಡಿಗ್ರಿ ಕಳೆದ ಮೇಲೆ ಮುಚ್ಚುತ್ತದೆ. ಹೊಗೆಯ ವಾಲ್ವ್ 51 ಡಿಗ್ರಿ ಮೊದಲು ತೆರೆದು 21 ಡಿಗ್ರಿ ಆಮೇಲೆ ಮುಚ್ಚುತ್ತದೆ. ಎರಡೂ 252 ಡಿಗ್ರಿ ತೆರೆದೇ ಇರುತ್ತವೆ. ಇಂಜಿನ್ ಜೋರಾಗಿ ಓಡುವಾಗ ಗಾಳಿಗೆ ತನ್ನದೇ ವೇಗ ಬಂದಿರುತ್ತದೆ, ತಡವಾಗಿ ಮುಚ್ಚಿದಷ್ಟೂ ಒಳಗೆ ತುಂಬುತ್ತದೆ. ನಿಧಾನವಾಗಿ ಓಡುವಾಗ ಅದೇ ತಡ, ಒಳಗೆ ಬಂದದ್ದನ್ನು ವಾಪಸು ಉಗುಳಿಸುತ್ತದೆ. ಸಾಲಗುಂದದ ಸುತ್ತ ಈ ಕಾರು ಮಾಡುವ ಕೆಲಸ ಯಾವುದು? ಮಳೆ ಬಿದ್ದ ಎರೆಮಣ್ಣಿನಲ್ಲಿ ಎರಡನೇ ಗೇರಿನಲ್ಲಿ ಆರು ಜನರನ್ನೂ ಒಂದು ಭತ್ತದ ಚೀಲವನ್ನೂ ಹೊತ್ತು ಕಾಲುವೆ ದಂಡೆ ಹತ್ತುವುದು. ಅದಕ್ಕೆ ಬೇಕಾದದ್ದು ಕೆಳಗಿನ ಎಳೆತ. ಎಂಜಿಎಗೆ 72 ಬಂದದ್ದೂ ಕ್ಯಾಮ್ ಒಂದರಿಂದ ಅಲ್ಲ. ಜೋಡಿ ಎಸ್‌ಯು ಕಾರ್ಬುರೇಟರ್, ಹೆಚ್ಚಿನ ಕಂಪ್ರೆಶನ್, ಬೇರೆ ಸ್ಪ್ರಿಂಗ್ ಎಲ್ಲ ಸೇರಿ ಬಂದದ್ದು. ಎಂಜಿಬಿಯ ವಾಲ್ವ್ 9.25 ಮಿ.ಮೀ. ಎತ್ತುತ್ತದೆ. ಎತ್ತುವಿಕೆ ಹೆಚ್ಚಿದರೆ ಹಳೆಯ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ಕೂರುವ ಭಯ. ಎಂಜಿಬಿಯ ಕೊನೆಯ ವರ್ಷಗಳ ಇಂಜಿನ್ನಿನಲ್ಲಿ ಟ್ಯಾಪೆಟ್ ಗಿಡ್ಡ ಮಾಡಿ ಪುಶ್ ರಾಡ್ ಉದ್ದ ಮಾಡಿದ್ದರು, ಅವನ್ನು ತಂದರೆ ಜೊತೆಯಾಗಿಯೇ ತರಬೇಕು. ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಇರುವ ಇಂಜಿನ್ನಾದರೆ ಅದನ್ನು ಒತ್ತಲು ಕ್ಯಾಮಿನ ಮೇಲೆ ಒಂಬತ್ತನೇ ಉಬ್ಬು ಬೇಕು. ಎಂಜಿ ಕಾರುಗಳಿಗೆ ಎಲೆಕ್ಟ್ರಿಕ್ ಪಂಪ್ ಇದ್ದುದರಿಂದ ಅದರ ಅಗತ್ಯವೇ ಇರಲಿಲ್ಲ. ಇಷ್ಟನ್ನೆಲ್ಲ ಹೇಳಿದೆ. ಸಾವ್ಕಾರರು ತಲೆಯಾಡಿಸಿ, ಮಗನಿಗೆ ಫೋನಿನಲ್ಲಿ "ಬ್ಯಾಡ ಬಿಡು" ಎಂದರು.

ಹಳೆಯ ಕ್ಯಾಮನ್ನು ಉಸ್ತಾದರು ಬೆಳಿಗ್ಗೆಯೇ ಹೊರತೆಗೆದಿದ್ದರು. ಗುಜರಿಯದು ಒಳಗೆ ಹೋಗುವುದನ್ನು ನೋಡಿದೆ. ಈ ಇಂಜಿನ್ ಮಾಡಿದವರ ಮೇಲೆ ನನಗೆ ಪ್ರೀತಿ ಹುಟ್ಟುವುದು ಇಲ್ಲಿ. ಹೆಡ್ ಬಿಚ್ಚಿ ಇಳಿಸಬೇಕಿಲ್ಲ. ಬ್ಲಾಕಿನ ಎಡಗಡೆ ಎರಡು ತಗಡಿನ ಮುಚ್ಚಳ, ತೆಗೆದರೆ ಟ್ಯಾಪೆಟ್ಟುಗಳು ಬೆರಳಿಗೇ ಸಿಗುತ್ತವೆ. ಆದರೆ ಒಂದು ಸೂಕ್ಷ್ಮವಿದೆ. ರಾಕರ್ ಶಾಫ್ಟಿನ ಕಾಲುಗಳನ್ನು ಹಿಡಿದಿರುವ ನಟ್ಟುಗಳಲ್ಲಿ ಕೆಲವು ಹೆಡ್ಡನ್ನೂ ಹಿಡಿದಿವೆ. ಅವಷ್ಟನ್ನೇ ಸಡಿಲಿಸಿದರೆ ಹೆಡ್ ಒಂದು ಕಡೆ ಸೊಟ್ಟ ಎಳೆದು ಗ್ಯಾಸ್ಕೆಟ್ ಸೋರುತ್ತದೆ. ಹಾಗಾಗಿ ನೀರು ಬಸಿದು, ಹೆಡ್ಡಿನ ಎಲ್ಲ ನಟ್ಟುಗಳನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಕೆಳಗೆ ಆಯಿಲ್ ಚೇಂಬರ್ ಇಳಿಸಿ ಆಯಿಲ್ ಪಂಪ್ ಕಳಚಬೇಕು, ಅದರ ಹಲ್ಲು ಕ್ಯಾಮಿಗೆ ಕಚ್ಚಿಕೊಂಡಿರುತ್ತದೆ. ಡಿಸ್ಟ್ರಿಬ್ಯೂಟರಿನ ಕೆಳಗಿನ ಡ್ರೈವ್ ಮೇಲೆತ್ತಬೇಕು. ಅದರ ತಲೆಯಲ್ಲಿ ತಿರುಪಿನ ಮರೆ ಇದೆ, ಬೋಲ್ಟ್ ತಿರುಗಿಸಿ ಎಳೆದರೆ ಸುತ್ತುತ್ತ ಮೇಲೆ ಬರುತ್ತದೆ. ಎಲ್ಲವೂ ಇಂಚಿನ ಪಾನಾ: ಏಳು-ಹದಿನಾರು, ಅರ್ಧ, ಒಂಬತ್ತು-ಹದಿನಾರು. ಟ್ರ್ಯಾಕ್ಟರಿನ ಮಿಲಿಮೀಟರ್ ಪಾನಾಗಳು ಬೇರೆ ಮೊಳೆಗೆ ನೇತುಬಿದ್ದಿದ್ದವು.

ಕ್ಯಾಮಿಗೆ ಎಣ್ಣೆ ಹಚ್ಚಿ, ಮುಂದಿನಿಂದ, ಜಾಲರಿಯಿದ್ದ ಜಾಗದ ಮೂಲಕ, ಇಬ್ಬರೂ ಉಸಿರು ಹಿಡಿದು ಒಳಗೆ ತಳ್ಳಿದರು. ಉಬ್ಬಿನ ಅಂಚು ಒಳಗಿನ ಬೇರಿಂಗಿಗೆ ತಾಗಿ ಗೀರಬಾರದು. ಸ್ಪ್ರಾಕೆಟ್ಟುಗಳ ಮೇಲಿನ ಎರಡು ಚುಕ್ಕೆ ಒಂದಕ್ಕೊಂದು ಎದುರಾಗುವಂತೆ ಚೈನ್ ಹಾಕಿದರು. ಎಂಟು ಟ್ಯಾಪೆಟ್, ಟ್ರೇಯ ನಂಬರಿನ ಪ್ರಕಾರ. ಎಂಟು ಪುಶ್ ರಾಡ್. ರಾಕರ್ ಶಾಫ್ಟ್.

ಇನ್ನು ಟ್ಯಾಪೆಟ್ ಸೆಟ್ಟಿಂಗ್. ಹುಡುಗ ಕೈಯಿಂದ ಇಂಜಿನ್ ತಿರುಗಿಸತೊಡಗಿದ. ಉಸ್ತಾದರು ಫೀಲರ್ ಗೇಜಿನ ಹದಿನೈದು ಥೌ ಎಲೆ ಹಿಡಿದು ಕಾದರು. ಥೌ ಎಂದರೆ ಇಂಚಿನ ಸಾವಿರ ಪಾಲುಗಳಲ್ಲಿ ಒಂದು. ಹುಡುಗ ರಾಗವಾಗಿ ಹೇಳುತ್ತಿದ್ದ:

"ಎಂಟು ಒತ್ತಿದ್ರ ಒಂದು. ಆರು ಒತ್ತಿದ್ರ ಮೂರು. ನಾಕು ಒತ್ತಿದ್ರ ಐದು. ಏಳು ಒತ್ತಿದ್ರ ಎರಡು. ಒಂದು ಒತ್ತಿದ್ರ ಎಂಟು. ಮೂರು ಒತ್ತಿದ್ರ ಆರು. ಐದು ಒತ್ತಿದ್ರ ನಾಕು. ಎರಡು ಒತ್ತಿದ್ರ ಏಳು."

ಎಂಟನೇ ವಾಲ್ವ್ ಪೂರ್ತಿ ಒತ್ತಿಕೊಂಡು ನಿಂತಾಗ ಒಂದನೆಯದರ ಸಂದು ಅಳೆಯಬೇಕು ಎಂದರ್ಥ. ಎರಡೂ ಸೇರಿದರೆ ಯಾವಾಗಲೂ ಒಂಬತ್ತು. ಬಿ-ಸೀರೀಸ್ ಇಂಜಿನ್ ಬಲ್ಲವರಿಗೆ ಇಂಗ್ಲೆಂಡಿನಲ್ಲೂ ಇದು ಒಂಬತ್ತರ ಲೆಕ್ಕವೇ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಮಗ್ಗಿಯ ಹಾಗೆ ಹಾಡಿದ್ದನ್ನು ಕೇಳಿದ್ದು ಇದೇ ಮೊದಲು. ಯಾಕೆ ಹೀಗೆ ಎಂದು ಹುಡುಗನನ್ನು ಕೇಳಿದೆ. "ಉಸ್ತಾದ್ರು ಹಂಗ ಕಲಿಸ್ಯಾರ." ಉಸ್ತಾದರನ್ನು ಕೇಳಿದೆ. "ನಮ್ ಉಸ್ತಾದ್ರು ಹಂಗ ಕಲಿಸಿದ್ರು." ಸೀಮೆಸುಣ್ಣ ಇಸಿದುಕೊಂಡು ಗೋಡೆಯ ಮೇಲೆ ಬರೆಯಲು ಶುರುಮಾಡಿದೆ.

ಸಾಲಾಗಿ ನಿಂತ ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಒಂದು ಮತ್ತು ನಾಲ್ಕನೇ ಪಿಸ್ಟನ್ ಯಾವಾಗಲೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಎರಡು ಮತ್ತು ಮೂರು ಇನ್ನೊಂದು ಜೋಡಿ. ಒಟ್ಟಿಗೆ ಏರಿದರೂ ಕೆಲಸ ಬೇರೆ. ನಾಲ್ಕನೆಯದು ಹೊಗೆ ದಬ್ಬುತ್ತಿದ್ದರೆ ಒಂದನೆಯದು ಗಾಳಿ ಒತ್ತುತ್ತಿರುತ್ತದೆ. ಕ್ರ್ಯಾಂಕ್ ಲೆಕ್ಕದಲ್ಲಿ ಅವುಗಳ ನಡುವೆ ಪೂರ್ತಿ ಒಂದು ಸುತ್ತಿನ ಅಂತರ. ಕ್ಯಾಮ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ, ಅಂದಮೇಲೆ ಕ್ಯಾಮಿನ ಮೇಲೆ ಅರ್ಧ ಸುತ್ತು. ನಾಲ್ಕನೇ ಸಿಲಿಂಡರಿನ ಹೊಗೆ ವಾಲ್ವಿನ ಉಬ್ಬು ತುತ್ತತುದಿಯಲ್ಲಿ ನಿಂತಾಗ ಒಂದನೇ ಸಿಲಿಂಡರಿನ ಹೊಗೆ ವಾಲ್ವಿನ ಉಬ್ಬು ಸರಿಯಾಗಿ ಬೆನ್ನು ತಿರುಗಿಸಿರುತ್ತದೆ. ಸಂದು ಅಳೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ.

ಒಂಬತ್ತು ಎಲ್ಲಿಂದ ಬಂತು? ಹೆಡ್ಡಿನಲ್ಲಿ ವಾಲ್ವ್‌ಗಳು ಕೂತ ಕ್ರಮ ನೋಡಿ: ಹೊಗೆ, ಗಾಳಿ, ಗಾಳಿ, ಹೊಗೆ, ಹೊಗೆ, ಗಾಳಿ, ಗಾಳಿ, ಹೊಗೆ. ಮಧ್ಯದಲ್ಲಿ ಕನ್ನಡಿ ಇಟ್ಟ ಹಾಗೆ. ಎಡದಿಂದ ಮೊದಲನೆಯದರ ಜೋಡಿ ಬಲದಿಂದ ಮೊದಲನೆಯದು, ಎರಡನೆಯದಕ್ಕೆ ಬಲದಿಂದ ಎರಡನೆಯದು. ಎಂಟು ಇರುವ ಸಾಲಿನಲ್ಲಿ ಈ ಜೋಡಿಗಳ ಮೊತ್ತ ಒಂಬತ್ತೇ ಆಗಬೇಕು. ಕನ್ನಡಿಯ ಕ್ರಮ ಬಂದದ್ದು ಅಚ್ಚುಕಟ್ಟಿನ ಆಸೆಯಿಂದ ಅಲ್ಲ. ಈ ಹೆಡ್ಡಿಗೆ ಐದೇ ಬಾಯಿ. ಒಂದು-ಎರಡನೇ ಸಿಲಿಂಡರಿಗೆ ಸೇರಿ ಗಾಳಿಯ ಒಂದು ಬಾಯಿ, ಮೂರು-ನಾಲ್ಕಕ್ಕೆ ಸೇರಿ ಇನ್ನೊಂದು. ಹೊಗೆಗೆ ಮೂರು, ಅದರಲ್ಲಿ ನಡುವಿನದು ಎರಡು ಮತ್ತು ಮೂರನೇ ಸಿಲಿಂಡರುಗಳ ಪಾಲಿನದು. ಬಾಯಿ ಹಂಚಿಕೊಳ್ಳಬೇಕಾದರೆ ಒಂದೇ ಜಾತಿಯ ವಾಲ್ವ್‌ಗಳು ಅಕ್ಕಪಕ್ಕ ಕೂರಬೇಕು. ಎರಕ ಸುಲಭವಾಗಲೆಂದು ಮಾಡಿದ ಏರ್ಪಾಡಿನಿಂದ ಮೆಕ್ಯಾನಿಕ್ಕುಗಳಿಗೆ ಒಂದು ಮಗ್ಗಿ ಸಿಕ್ಕಿತು.

ಉಸ್ತಾದರು ಕೆಲಸ ನಿಲ್ಲಿಸಿ ಗೋಡೆ ನೋಡುತ್ತಿದ್ದರು. "ಹಂಗಾದ್ರ ಟ್ರ್ಯಾಕ್ಟರಿಗೆ ಯಾಕ ಬರಂಗಿಲ್ಲ ಇದು?" ಎಂದರು. ಒಳ್ಳೆಯ ಪ್ರಶ್ನೆ. ಹೊರಗೆ ನಿಂತಿದ್ದ ಟ್ರ್ಯಾಕ್ಟರು ಮೂರು ಸಿಲಿಂಡರಿನದು. ಮೂರರಲ್ಲಿ ಒಟ್ಟಿಗೆ ಏರುವ ಜೋಡಿಯೇ ಇಲ್ಲ. ನಾಲ್ಕು ಸಿಲಿಂಡರಿದ್ದೂ ವಾಲ್ವ್‌ಗಳು ಗಾಳಿ-ಹೊಗೆ, ಗಾಳಿ-ಹೊಗೆ ಎಂದು ಒಂದು ಬಿಟ್ಟು ಒಂದು ಕೂತಿದ್ದರೆ ಜೋಡಿ ಇರುತ್ತದೆ, ಆದರೆ ಒಂದಕ್ಕೆ ಏಳು, ಎರಡಕ್ಕೆ ಎಂಟು, ಮೂರಕ್ಕೆ ಐದು, ನಾಲ್ಕಕ್ಕೆ ಆರು. ಮೊತ್ತ ಒಂದು ಸಲ ಎಂಟು, ಇನ್ನೊಂದು ಸಲ ಹತ್ತು. ಹುಡುಗ ಅದನ್ನೂ ಗೋಡೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದ. ಸಾವ್ಕಾರರಿಗೆ ಕಾರು ಬೇಗ ಮುಗಿದರೆ ಸಾಕಿತ್ತು. ನಾವು ಮೂವರೂ ಮುಕ್ಕಾಲು ತಾಸು ಗೋಡೆಯ ಮುಂದೆಯೇ ನಿಂತಿದ್ದೆವು.

ಐದನೆಯದನ್ನು ಅಳೆಯುವಾಗ ಉಸ್ತಾದರು ಮುಖ ಸಿಂಡರಿಸಿದರು. ಕ್ಯಾಮ್ ಬಿಚ್ಚುವ ಮೊದಲೇ ಅದರ ಸಂದು ಹಿಂದಿನ ಸಲ ಬಿಟ್ಟಿದ್ದಕ್ಕಿಂತ ಕಡಿಮೆ ಇತ್ತು. ಟ್ಯಾಪೆಟ್ ಸಂದು ಓಡಾಡಿದಂತೆ ಹೆಚ್ಚುತ್ತದೆ ಎಂದು ತಿಳಿದಿರುವವರೇ ಹೆಚ್ಚು. ಹೊಗೆ ವಾಲ್ವಿನಲ್ಲಿ ಕೆಲವೊಮ್ಮೆ ಉಲ್ಟಾ ಆಗುತ್ತದೆ. 2000ದ ಫೆಬ್ರುವರಿಯಿಂದ ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಿತು. ಜನರ ಆರೋಗ್ಯಕ್ಕೆ ಅದು ಬಹಳ ಒಳ್ಳೆಯದಾಯಿತು. ಆದರೆ ಬೀಡು ಕಬ್ಬಿಣದ ಹೆಡ್ಡಿನಲ್ಲೇ ಕೊರೆದ ಹಳೆಯ ವಾಲ್ವ್ ಸೀಟುಗಳಿಗೆ ಆ ಸೀಸವೇ ತೆಳುವಾದ ಮೆತ್ತೆಯಾಗಿತ್ತು. ಮೆತ್ತೆ ಹೋದ ಮೇಲೆ ಬಿಸಿ ವಾಲ್ವ್ ಸೀಟಿಗೆ ಬಡಿದು ಬಡಿದು ಸೀಟು ಒಳಗೆ ಕುಸಿಯುತ್ತದೆ. ವಾಲ್ವ್ ಮೇಲಕ್ಕೆ ಸರಿಯುತ್ತದೆ, ಸಂದು ಮುಚ್ಚುತ್ತ ಹೋಗುತ್ತದೆ. ಸಂದು ಪೂರ್ತಿ ಹೋದರೆ ವಾಲ್ವ್ ಸೀಟಿನ ಮೇಲೆ ಕೂರುವುದಿಲ್ಲ, ಶಾಖ ಹೆಡ್ಡಿಗೆ ದಾಟುವುದಿಲ್ಲ, ಅಂಚು ಸುಟ್ಟುಹೋಗುತ್ತದೆ. ನಡುವಿನ ಬಾಯಿ ಹಂಚಿಕೊಂಡ ನಾಲ್ಕು ಮತ್ತು ಐದನೇ ವಾಲ್ವ್‌ಗಳಿಗೆ ಶಾಖ ಎಲ್ಲಕ್ಕಿಂತ ಹೆಚ್ಚು.

"ಮಾತಾಡೋ ಟ್ಯಾಪೆಟ್ಟಿಗೆ ಅಂಜಬಾರದು ಸರ್. ಮೂಕಾತಂದ್ರ ಅಂಜಬೇಕು" ಎಂದರು ಉಸ್ತಾದರು.

ರಾಕರಿನ ತುದಿಯಲ್ಲೂ ಒಂದು ಮೋಸ ಇತ್ತು. ವಾಲ್ವಿನ ತಲೆ ಬಡಿದು ಅಲ್ಲಿ ಸಣ್ಣ ಗುಳಿ ಬಿದ್ದಿರುತ್ತದೆ. ಫೀಲರ್ ಗೇಜಿನ ಎಲೆ ಆ ಗುಳಿಯೊಳಗೆ ಇಳಿಯದೆ ಮೇಲೆ ಸೇತುವೆಯಂತೆ ಕೂತು ಸುಳ್ಳು ಹೇಳುತ್ತದೆ. ಎರಡು ರಾಕರುಗಳನ್ನು ಉಸ್ತಾದರು ಎಣ್ಣೆಕಲ್ಲಿನ ಮೇಲೆ ಉಜ್ಜಿ ಮಟ್ಟ ಮಾಡಿದರು.

ಎಲ್ಲವನ್ನೂ ಮತ್ತೆ ಜೋಡಿಸಿ, ನೀರು ತುಂಬಿ ಚಾಲೂ ಮಾಡಿದಾಗ ಕಾರ್ಬುರೇಟರಿನ ಬಾಯಿಂದ ಢಬ್ ಎಂದಿತು. ಸಾವ್ಕಾರರು ಮಂಚದಿಂದ ಎದ್ದೇಬಿಟ್ಟರು. ಉಸ್ತಾದರು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಒಂದನೇ ಪಿಸ್ಟನ್ ತುದಿಗೆ ತರಿಸಿ ರೋಟರ್ ಯಾವ ಕಡೆ ನೋಡುತ್ತಿದೆ ಎಂದು ನೋಡಿದರು. ಡ್ರೈವ್ ಒಂದು ಹಲ್ಲು ತಪ್ಪಿ ಕೂತಿತ್ತು. ಮತ್ತೆ ಬೋಲ್ಟ್ ಹಾಕಿ ಎತ್ತಿ ಕೂರಿಸಿದರು. ಈ ಸಲ ಇಂಜಿನ್ ಹಿಡಿಯಿತು. ಹಿಡಿದ ಕೂಡಲೇ ಐಡಲಿಗೆ ಬಿಡಲಿಲ್ಲ. ಹುಡುಗ ಆಕ್ಸಲರೇಟರ್ ಒತ್ತಿ ಇಪ್ಪತ್ತು ನಿಮಿಷ ಒಂದೇ ಸಮನೆ ಸ್ವಲ್ಪ ಜೋರಾಗಿ ಓಡಿಸಿದ. ಹೊಸ ಸಂಗಾತಿಗಳು ಹೊಂದಿಕೊಳ್ಳುವ ಆ ಮೊದಲ ಗಳಿಗೆಯಲ್ಲಿ ಕ್ಯಾಮಿಗೆ ಎಣ್ಣೆ ಚೆನ್ನಾಗಿ ಸಿಡಿಯಬೇಕು.

ಹಾಕಿದ್ದು ಟ್ರ್ಯಾಕ್ಟರಿನ ಆಯಿಲ್. ಜಿಪುಣತನವೇನೋ ಎಂದುಕೊಂಡಿದ್ದೆ. ಕೇಳಿದಾಗ, ಕಾರಿನ ಹೊಸ ಆಯಿಲ್ ಹಾಕಿದರೆ ಕ್ಯಾಮ್ ಬೇಗ ತಿನ್ನುತ್ತದೆ, ಇದು ತಿನ್ನುವುದಿಲ್ಲ ಎಂದರು. ಅವರ ಅನುಭವದ ಹಿಂದೆ ರಸಾಯನವಿದೆ. ಕ್ಯಾಮ್ ಮತ್ತು ಟ್ಯಾಪೆಟ್ ನಡುವೆ ರಕ್ಷಣೆಯ ಪದರ ಕಟ್ಟುವುದು ಎಣ್ಣೆಯಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ. ರಂಜಕ ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆಂದು ಪೆಟ್ರೋಲ್ ಕಾರಿನ ಆಯಿಲುಗಳಲ್ಲಿ ಅದನ್ನು ಇಳಿಸುತ್ತ ಬಂದರು. ಭಾರಿ ಡೀಸೆಲ್ ಇಂಜಿನ್ನುಗಳ ಆಯಿಲಿನಲ್ಲಿ ಅದು ಹೆಚ್ಚು ಉಳಿದಿದೆ. ಉರುಳುವ ರೋಲರ್ ಇರುವ ಹೊಸ ಇಂಜಿನ್ನಿಗೆ ಇದರಿಂದ ತೊಂದರೆಯಿಲ್ಲ. ಉಜ್ಜುವ ಟ್ಯಾಪೆಟ್ಟಿನ ಹಳೆಯ ಇಂಜಿನ್ನಿಗೆ ಬಹಳ ವ್ಯತ್ಯಾಸ.

ಐವತ್ತು ವರ್ಷ ದಾಟಿದ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದಲ್ಲ ಎಂದು ಸಾವ್ಕಾರರನ್ನು ಕೇಳಿದೆ. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿಎ ಅಕ್ಷರ. ಆದರೆ ಹಾಗೆ ಮಾಡಿಸಿದರೆ ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕೆ ಬಿಟ್ಟು ನಿತ್ಯ ಓಡಿಸುವಂತಿಲ್ಲ. "ಗದ್ದಿಗೆ ಹೋಗೋದು ಹೆಂಗ ಮತ್ತ?" ಎಂದರು. ಅವರ ಉತ್ತರ ನನಗೆ ಹಿಡಿಸಿತು. ಧರ್ಮಸ್ಥಳದ ಸಂಗ್ರಹದಲ್ಲಿ ಹೊಳೆಯುವ ಕಾರುಗಳನ್ನು ನೋಡಿ ಸಂತೋಷಪಟ್ಟಿದ್ದೇನೆ. ಕೆಸರು ಮೆತ್ತಿಕೊಂಡು ದಂಡೆ ಹತ್ತುವ ಕಾರಿನ ಮೇಲೆ ನನಗೆ ಅದಕ್ಕಿಂತ ಹೆಚ್ಚು ಪ್ರೀತಿ.

ಕತ್ತಲಾಗುವಾಗ ಅವರು ನನ್ನನ್ನು ಸಿಂಧನೂರಿಗೆ ಬಿಟ್ಟರು, ಅದೇ ಕಾರಿನಲ್ಲಿ. ಕಾಲುವೆ ದಂಡೆಯ ಏರಿನಲ್ಲಿ ಎರಡನೇ ಗೇರಿನಲ್ಲಿ ನಾಲ್ಕೂ ಸಿಲಿಂಡರು ಕೆಲಸ ಮಾಡಿದವು.

ಮೊನ್ನೆ ಉಸ್ತಾದರ ಫೋನ್ ಬಂತು. ಐನೂರು ಕಿಲೊಮೀಟರ್ ಓಡಿದ ಮೇಲೆ ಹೆಡ್ಡಿನ ನಟ್ಟು ಮತ್ತೆ ಬಿಗಿ ಮಾಡಿ ಟ್ಯಾಪೆಟ್ ನೋಡಿದರಂತೆ. ಮೂರು ಅಲ್ಲಾಡಿಲ್ಲ. ಹೊಸ ಟ್ಯಾಪೆಟ್ ಹಾಕಿದ ಏಳೂ ಸರಿಯಿದೆ. "ನಾಕು ಒತ್ತಿ ಐದು ನೋಡಿದೆ ಸರ್. ಎರಡು ಥೌ ಬಿಗಿ ಆಗೇತಿ. ಸುಗ್ಗಿ ಮುಗೀಲಿ, ಹೆಡ್ ಇಳಸ್ತೀನಿ. ನೀವು ಬೆಂಗಳೂರಿಗೆ ಹೋದ್ರ ಜೆ.ಸಿ. ರೋಡಿನಾಗ ಗಟ್ಟಿ ಎಕ್ಸಾಸ್ಟ್ ಸೀಟು ಸಿಗ್ತಾವೇನು ನೋಡ್ರಿ. ನಾಕು ಬೇಕು."

ಅಳತೆ ಬರೆದುಕೊಂಡಿದ್ದೇನೆ. ಸೋಮವಾರ ಬೆಂಗಳೂರಿಗೆ ಹೊರಟಿದ್ದೇನೆ.